ಪುಸ್ತಕಗಳ ಮಗ್ಗುಲಲ್ಲಿ ಚಿತ್ರಗಳು

ಕಥೆ ಮೊದಲೇ ಗೊತ್ತಿರುವುದು ಕಲಾನುಭವಕ್ಕೆ ಅಡ್ಡಿಯೆಂದು ನಮ್ಮ ಹಿರಿಯರು ಎಂದೂ ಭಾವಿಸಿದಂತೆ ಕಾಣುವುದಿಲ್ಲ. ಯಕ್ಷಗಾನದ ಬಯಲಾಟಕ್ಕೆ ಬಂದು ಬೆಳಗಿನವರೆಗೆ ಕುಳಿತವನಿಗೆ, ಅಭಿಮನ್ಯು ಚಕ್ರವ್ಯೂಹದಿಂದ ಹೊರಬರಲಾರನೆಂಬುದು ತಿಳಿಯದ ಸಂಗತಿಯಲ್ಲ. ಕುಮಾರವ್ಯಾಸನ ವಾಚನಕ್ಕೆ ಜಗಲಿಯ ಮೇಲೆ ನೆರೆಯುತ್ತಿದ್ದವರೂ ಕರ್ಣನ ಗತಿಯನ್ನು ಅರಿತೇ ಬಂದವರು. ಮುಂದೇನೆಂಬ ಕುತೂಹಲ ಅಡಗಿದ ಮೇಲೆಯೇ ಅವರಿಗೆ ಬೇರೊಂದು ಕಣ್ಣು ತೆರೆಯುತ್ತಿತ್ತು. ಈ ಸಲ ಭಾಗವತರು ಪದವನ್ನು ಹೇಗೆ ಎತ್ತಿಕೊಳ್ಳುತ್ತಾರೆ, ವೇಷಧಾರಿ ಆ ಒಂದು ಮಾತಿಗೆ ಮುನ್ನ ಎಷ್ಟು ಹೊತ್ತು ತಡೆಯುತ್ತಾನೆ ಎಂಬುದರ ಕಡೆಗೆ ಅವರ ಗಮನ ಹರಿಯುತ್ತಿತ್ತು.

ಚಲಚ್ಚಿತ್ರದ ಮಾತು ಬೇರೆ. ಅದು ಪ್ರತಿಸಲವೂ ಅದೇ; ನಟನ ಒಂದು ರೆಪ್ಪೆಯೂ ಬೇರೆಯಾಗಿ ಅಲುಗದು. ಬದಲಾಗಿ ಬರಬೇಕಾದವರು ನಾವು. ಈ ಗುಣದಲ್ಲಿ ಅದು ಆಟಕ್ಕಿಂತ ಗ್ರಂಥಕ್ಕೆ ಹತ್ತಿರ. ಆದುದರಿಂದ ಮನೆಯಲ್ಲಿ ಇಟ್ಟುಕೊಳ್ಳತಕ್ಕ ಚಿತ್ರವನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಕಥೆಯ ಗುಟ್ಟು ಬಯಲಾದ ಮೇಲೆ ಇದರಲ್ಲಿ ನೋಡುವುದಕ್ಕೆ ಏನು ಉಳಿದಿದೆ?

ಎರಡು ತಲೆಮಾರಿನ ಹಿಂದೆ ಇಂಥ ಪ್ರಶ್ನೆ ಹುಟ್ಟುವಂತೆಯೇ ಇರಲಿಲ್ಲ. ಊರಿಗೆ ಬಂದ ಟೂರಿಂಗ್ ಟಾಕೀಸು ಡೇರೆ ಕಿತ್ತಿತೆಂದರೆ ಚಿತ್ರವೂ ಗಾಡಿಯೇರಿ ಹೋಗುತ್ತಿತ್ತು. ಉಳಿಯುತ್ತಿದ್ದುದು ನೆನಪು ಮತ್ತು ಹಾಡಿನ ಪುಸ್ತಕ. ಆಮೇಲೆ ವಿಡಿಯೊ ಕ್ಯಾಸೆಟ್ಟು ಬಂತು, ಸಿ.ಡಿ. ಬಂತು, ಡಿ.ವಿ.ಡಿ. ಬಂತು, ಈಗ ಅಂತರ್ಜಾಲದ ಮೂಲಕ ಕೈಯಲ್ಲಿನ ಫೋನಿಗೇ ಚಿತ್ರ ಇಳಿದುಬರುತ್ತದೆ. ಎಲ್ಲವೂ ಅಲ್ಲಿರುವಾಗ ಕೊಂಡಿಡುವುದೇಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅಲ್ಲಿ ನಾವು ಬಾಡಿಗೆದಾರರು. ಹಕ್ಕಿನ ಕರಾರು ಮುಗಿದ ದಿನ ಚಿತ್ರ ಹೇಳದೆ ಕೇಳದೆ ಕಣ್ಮರೆಯಾಗುತ್ತದೆ. ಚಿತ್ರವೆಂಬುದು ಎಷ್ಟು ನಶ್ವರವಾದ ವಸ್ತುವೆಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದುಬಂದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಸ್ಥಾಪನೆಯಾದುದು 1964ರಲ್ಲಿ. ಆ ವೇಳೆಗೆ ಮೂವತ್ತು ವರ್ಷ ಕಳೆದಿತ್ತು. ಪಂಪನ ಕಾವ್ಯ ಸಾವಿರ ವರ್ಷ ದಾಟಿ ನಮ್ಮ ಕೈಸೇರಿದುದು ಓಲೆಗರಿಗಳನ್ನು ಪ್ರತಿಮಾಡಿ ಕಾಪಿಟ್ಟವರಿಂದ ಎಂಬುದನ್ನು ಇಲ್ಲಿ ನೆನೆಯಬಹುದು.

ಹಾಗಾದರೆ ಯಾವುದನ್ನು ಆರಿಸುವುದು? ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯನ್ನು (1955) ನೋಡೋಣ. ದುರ್ಗೆ ಮಣಿಸರವನ್ನು ಕದ್ದಳೆಂದು ನೆರೆಯಾಕೆ ದೂರುತ್ತಾಳೆ, ಹುಡುಗಿ ತಾನಲ್ಲವೆನ್ನುತ್ತಾಳೆ. ಮೊದಲ ಸಲ ನೋಡುವವನು ಅವಳನ್ನು ನಂಬುತ್ತಾನೆ. ಅವಳು ತೀರಿಕೊಂಡ ಮೇಲೆ, ಊರು ಬಿಡುವ ಸಡಗರದಲ್ಲಿ, ಅಪುವಿನ ಕೈಗೆ ಆ ಸರ ಸಿಕ್ಕುತ್ತದೆ. ಅವನು ಯಾರಿಗೂ ಹೇಳದೆ ಅದನ್ನು ಕೊಳಕ್ಕೆ ಎಸೆಯುತ್ತಾನೆ. ಸರಿದ ಪಾಚಿ ಮೆಲ್ಲಗೆ ಮತ್ತೆ ಕೂಡಿಕೊಳ್ಳುತ್ತದೆ. ಇಷ್ಟು ತಿಳಿದವನು ಚಿತ್ರವನ್ನು ಎರಡನೆಯ ಸಲ ನೋಡಿದಾಗ, ‘ನಾನಲ್ಲ’ ಎನ್ನುವ ದುರ್ಗೆಯ ಮುಖ ಬೇರೆಯೇ ಆಗಿರುತ್ತದೆ. ಅಲ್ಲಿ ಈಗ ಕಾಣುವುದು ಬಡತನದ ನಾಚಿಕೆ. ಒಂದು ಚೆಲುವಾದ ವಸ್ತು ತನ್ನದಾಗಿರಲೆಂಬ ಎಳೆಯ ಜೀವದ ಆಸೆ. ತೆರೆಯ ಮೇಲಿನ ಮುಖ ಎಳ್ಳಷ್ಟೂ ಬದಲಾಗಿಲ್ಲ. ನಮ್ಮ ಅಲಂಕಾರಿಕರು ವಾಚ್ಯಾರ್ಥದ ಆಚೆಗೆ ಧ್ವನಿಯೆಂದು ಗುರುತಿಸಿದುದರ ಉದಾಹರಣೆಯೆಂದು ಇದನ್ನು ತರಗತಿಯಲ್ಲಿ ಧಾರಾಳವಾಗಿ ಹೇಳಬಹುದು. ಈ ಚಿತ್ರದ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರ ಬೆಂಕಿಗೆ ಸಿಕ್ಕಿತ್ತು. ಅದರಲ್ಲಿ ಉಳಿದುದನ್ನೂ ಬೇರೆ ಪ್ರತಿಗಳನ್ನೂ ಜೋಡಿಸಿ ಸಿದ್ಧಪಡಿಸಿದ ಜೀರ್ಣೋದ್ಧಾರದ ಪ್ರತಿ 2015ರಲ್ಲಿ ಹೊರಬಂದಿತು.

ನಮ್ಮ ನಾಡಿನ ಚಿತ್ರಗಳಲ್ಲಿ ನನ್ನ ಮೊದಲ ಆಯ್ಕೆ, ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ ‘ಘಟಶ್ರಾದ್ಧ’. ಮೊದಲ ನೋಟದಲ್ಲಿ ಅದು ಯಮುನೆಯ ಕಥೆ: ವಿಧವೆಯೊಬ್ಬಳು ಬಸಿರಾಗುತ್ತಾಳೆ, ಅಗ್ರಹಾರ ಅವಳನ್ನು ಬದುಕಿರುವಾಗಲೇ ಸತ್ತವಳೆಂದು ತೀರ್ಮಾನಿಸುತ್ತದೆ. ಎರಡನೆಯ ಸಲ ನಮ್ಮ ಕಣ್ಣು ವೇದಪಾಠಕ್ಕೆ ಬಂದ ಹುಡುಗ ನಾಣಿಯ ಮೇಲೆ ನಿಲ್ಲುತ್ತದೆ. ಎಲ್ಲವನ್ನೂ ಕಂಡು ಏನೊಂದನ್ನೂ ಪೂರ್ತಿ ಅರಿಯದ ಆ ಕಣ್ಣುಗಳೇ ಚಿತ್ರದ ನಿಜವಾದ ರಂಗಸ್ಥಳ. ಇನ್ನೂ ಕೆಲವು ವರ್ಷ ಕಳೆದು, ನಾವೇ ಹೆಣ್ಣುಮಕ್ಕಳ ತಂದೆಯರಾಗಿ ನೋಡಿದರೆ, ಮನಸ್ಸು ಉಡುಪರ ಕಡೆಗೆ ತಿರುಗುತ್ತದೆ. ಮಗಳಿಗೆ ಘಟಶ್ರಾದ್ಧ ಮಾಡಿದ ಆ ವೃದ್ಧರು ಮಗಳಿಗಿಂತ ಎಳೆಯಳಾದ ಕನ್ಯೆಯನ್ನು ವರಿಸಲು ಸಿದ್ಧರಾಗುತ್ತಾರೆ. ಚಿತ್ರ ಅವರನ್ನು ಬೈಯುವುದಿಲ್ಲ. ಬೈದಿದ್ದರೆ ಒಂದೇ ಸಲಕ್ಕೆ ಮುಗಿದುಹೋಗುತ್ತಿತ್ತು. ಜೀರ್ಣೋದ್ಧಾರಗೊಂಡ ಇದರ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡುದು ಕನ್ನಡಿಗರು ಸಂತೋಷಪಡಬೇಕಾದ ವಿಷಯ.

ಸ್ವರ್ಣಕಮಲ ಬಂದುದನ್ನೆಲ್ಲ ಕೊಳ್ಳಬೇಕು, ಜನ ಮೆಚ್ಚಿದುದನ್ನೆಲ್ಲ ಬಿಡಬೇಕು ಎಂಬ ಸೂತ್ರವೇನೂ ಇಲ್ಲಿಲ್ಲ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆಯಿತೆಂದರೆ, ರಾಜೀವ ಕೊನೆಗೆ ಮನೆ ತೊರೆಯುತ್ತಾನೆಂದು ಬಲ್ಲವರೇ ಮರಳಿ ಮರಳಿ ಹೋದರೆಂದು ಅರ್ಥವಲ್ಲವೆ? ‘ಗೆಜ್ಜೆಪೂಜೆ’ಯ ಕಲ್ಪನಾ ಅವರ ಅಭಿನಯಕ್ಕಾಗಿಯೇ ಆ ಚಿತ್ರವನ್ನು ಇಟ್ಟುಕೊಳ್ಳುವವರೊಡನೆ ನನಗೆ ಜಗಳವಿಲ್ಲ. ಈಚಿನವುಗಳಲ್ಲಿ ಮಂಡ್ಯದ ಹಳ್ಳಿಗರೇ ನಟಿಸಿದ ‘ತಿಥಿ’ (2015) ಈ ಪರೀಕ್ಷೆಯಲ್ಲಿ ಚೆನ್ನಾಗಿ ಗೆಲ್ಲುತ್ತದೆ. ತಂದೆ ಸತ್ತ ಸುದ್ದಿಗೆ ಅಲುಗದ ಗಡ್ಡಪ್ಪನನ್ನು ಕಂಡು ಮೊದಲು ನಗುತ್ತೇವೆ. ಕುರಿಗಾಹಿಗಳ ನಡುವೆ ಕುಳಿತು ಅವನು ತನ್ನ ಬಾಳನ್ನು ಹೇಳಿಕೊಂಡುದನ್ನು ಒಮ್ಮೆ ಕೇಳಿದವನಿಗೆ, ಎರಡನೆಯ ಸಲ ಅದೇ ಜಾಗದಲ್ಲಿ ನಗು ಅಷ್ಟು ಸುಲಭವಾಗಿ ಬರುವುದಿಲ್ಲ. ಕೊಲೆಗಾರನಾರೆಂಬ ಒಂದೇ ಗಂಟಿನ ಮೇಲೆ ನಿಂತ ಚಿತ್ರಗಳನ್ನಾದರೋ ನೋಡಿ ಸಂತೋಷಪಟ್ಟು ಬಿಟ್ಟುಬಿಡುವುದು ಲೇಸು.

ಆರಿಸಿದ ಮೇಲೆ ಪ್ರತಿಯ ವಿಚಾರ. ಪಾಠಾಂತರಗಳ ಗೊಡವೆ ಹಸ್ತಪ್ರತಿಗಳಿಗೆ ಮಾತ್ರ ಸೀಮಿತವಲ್ಲ. ಹಳೆಯ ಸಿ.ಡಿ.ಯೊಂದರಲ್ಲಿ ಹಿಡಿಯುತ್ತಿದ್ದುದು ಸುಮಾರು 80 ನಿಮಿಷ. ದೀರ್ಘವಾದ ಚಿತ್ರವನ್ನು ತುಂಬುವಾಗ ಹಾಡೊಂದೋ ದೃಶ್ಯವೊಂದೋ ಕತ್ತರಿಗೆ ಸಿಕ್ಕಿದುದುಂಟು. ಮೂಲದ ಅವಧಿಯನ್ನೂ ಡಬ್ಬಿಯ ಮೇಲಿನ ಅವಧಿಯನ್ನೂ ಹೋಲಿಸಿ ನೋಡಿ ಕೊಳ್ಳಬೇಕು. 1977ರ ‘ಸೊಸೆ ತಂದ ಸೌಭಾಗ್ಯ’ದಿಂದ ಕನ್ನಡಕ್ಕೆ ಬಂದ ಸಿನಿಮಾಸ್ಕೋಪಿನ ಅಗಲವನ್ನು ಟೆಲಿವಿಷನ್ನಿನ ಚೌಕಕ್ಕೆ ತುರುಕಿದ ಪ್ರತಿಗಳಂತೂ ಬೇಡವೇ ಬೇಡ, ಇಬ್ಬರು ಮಾತಾಡುವಲ್ಲಿ ಒಬ್ಬರ ಮೂಗು ಮಾತ್ರ ಉಳಿದಿರುತ್ತದೆ.

ಅಧ್ಯಾಪಕರಿಗೆ ಇನ್ನೊಂದು ಮಾತು. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನೂ, ಬಿ.ವಿ. ಕಾರಂತರು ಅದರಿಂದ 1975ರಲ್ಲಿ ನಿರ್ಮಿಸಿಕೊಟ್ಟ ಚಿತ್ರವನ್ನೂ ಒಂದೇ ಕಪಾಟಿನಲ್ಲಿ, ಒಂದರ ಪಕ್ಕದಲ್ಲೊಂದು ಇಡುವುದು ಒಳ್ಳೆಯದು. ಚಿತ್ರವಿದೆಯೆಂದು ಕಾದಂಬರಿಯನ್ನು ಓದದೆ ಬಿಡುವ ಹುಡುಗರಿಗೂ, ಕಾದಂಬರಿಯನ್ನು ಓದಿದೆವೆಂದು ಚಿತ್ರವನ್ನು ಕಡೆಗಣಿಸುವ ನಮ್ಮಂಥವರಿಗೂ ಅದರಿಂದ ಉಪಕಾರವಿದೆ. ಪುಟದ ಮೇಲೆ ಓದಿದ ದುಡಿಯನ್ನು ನಾವು ಊಹಿಸಿಕೊಳ್ಳುತ್ತೇವೆ. ಚಿತ್ರದಲ್ಲಿ ವಾಸುದೇವರಾಯರ ಚೋಮ ಅದನ್ನು ಬಡಿಯುವಾಗ ಅದು ಎದೆಗೆ ಬಂದು ತಾಗುತ್ತದೆ. ಫೋನಿನ ಪುಟ್ಟ ಬಾಯಿಂದ ಆ ದನಿ ಹೊರಡಲಾರದು. ದೊಡ್ಡ ಪರದೆಯ ಮುಂದೆ, ದೀಪವಾರಿಸಿ, ಮನೆಮಂದಿಯೊಡನೆ ಕುಳಿತು ನೋಡಬೇಕು; ದುಡಿ ಪಕ್ಕದ ಮನೆಯವರಿಗೂ ಕೇಳಿಸಿತೆಂದರೆ ಅವರನ್ನೂ ಒಳಗೆ ಕರೆದರಾಯಿತು.