ವಾದಪತ್ರದ ತಿದ್ದುಪಡಿಯೂ ತರಿಸಿದ ದಾಖಲೆಯೂ

ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದಲ್ಲಿ ಹೊಲದ ಗಡಿಯನ್ನು ಕುರಿತು ದಾವೆಯೊಂದು ಹುಟ್ಟಿತೆಂದು ಭಾವಿಸೋಣ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೆಯ ಆದೇಶದಂತೆ ಸಮನ್ಸಿನ ಮೂಲಕ ತರಿಸಿದ ಮೋಜಣಿ ನಕ್ಷೆಯು, ವಾದಪತ್ರದಲ್ಲಿ ಹೇಳದಿದ್ದ ಇನ್ನೊಂದು ಒತ್ತುವರಿಯನ್ನು ತೋರಿಸಿತು. ಇಷ್ಟರಿಂದಲೇ ಆ ನೆಲವು ವಾದಿಗೆ ದಕ್ಕದು; ವಾದದಲ್ಲಿ ಎತ್ತದ ಸಂಗತಿಗೆ ಸಾಕ್ಷ್ಯವೊಂದೇ ಆಧಾರವಾಗಲಾರದು. 6ನೆಯ ಆದೇಶದ 17ನೆಯ ನಿಯಮದಂತೆ ಅವನು ತಿದ್ದುಪಡಿಯನ್ನು ಬೇಡಬೇಕು.

1956ರವರೆಗೆ ಬೆಳಗಾವಿಯು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಒಳಪಟ್ಟಿದ್ದಿತು. ಆ ನ್ಯಾಯಾಲಯವು 1909ರಲ್ಲಿ, ಕಿಸನದಾಸ–ರಾಚಪ್ಪ ಮೊಕದ್ದಮೆಯಲ್ಲಿ, ಎರಡು ಒರೆಗಲ್ಲುಗಳನ್ನಿತ್ತಿತು: ತಿದ್ದುಪಡಿಯು ನಿಜವಾದ ವಿವಾದದ ನಿರ್ಣಯಕ್ಕೆ ಅವಶ್ಯವಾಗಿರಬೇಕು, ಎದುರು ಪಕ್ಷಕ್ಕೆ ಅನ್ಯಾಯವಾಗಬಾರದು. 2002ರಿಂದೀಚೆಗೆ ಇನ್ನೊಂದು ಕಟ್ಟು ಸೇರಿದೆ: ವಿಚಾರಣೆ ಆರಂಭವಾದ ಮೇಲೆ ಬೇಡುವವನು, ತಕ್ಕ ಎಚ್ಚರ ವಹಿಸಿದರೂ ಮೊದಲೇ ಬೇಡಲಾಗಲಿಲ್ಲವೆಂದು ಮನಗಾಣಿಸಬೇಕು. ಆದುದರಿಂದ ದಾಖಲೆಯನ್ನು ತರಿಸುವ ಕಾಲವೂ ದಾಖಲೆಯಷ್ಟೇ ಮುಖ್ಯವೆನ್ನಬೇಕು.