ಮಾವನ ಅಂಬಾಸಿಡರ್ ಯಾಕೆ ಗೊಂಯ್ ಅಂತಿತ್ತು?

ಗೆಳೆಯರೇ, ನಮ್ಮ ಸೋದರಮಾವನ ಬಿಳಿ ಅಂಬಾಸಿಡರ್ ನಿಮಗೆಲ್ಲ ಗೊತ್ತೇ ಇದೆ. ರಾತ್ರಿ ಹೊತ್ತು ಊರಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಮೊದಲು ಎಬ್ಬಿಸುವುದು ಮಾವನನ್ನೇ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಾರಿನ ಹಿಂಭಾಗದಿಂದ ಗೊಂಯ್ ಅಂತ ಸದ್ದು ಶುರುವಾಯಿತು. ಪೇಟೆಯ ಒಂದು ಗ್ಯಾರೇಜಿಗೆ ಹೋದರೆ, ಓಡಿಸಿ ಕೂಡ ನೋಡದೆ "ಕ್ರೌನು ಪಿನಿಯನ್ನು ಹೋಗಿದೆ, ಇಡೀ ಸೆಟ್ಟೇ ಹಾಕಬೇಕು" ಅಂದುಬಿಟ್ಟರು. ಅಂಬಾಸಿಡರ್ ಕಾರು 2014ರಲ್ಲೇ ನಿಂತುಹೋಗಿದೆ. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಿಂದ ಹೊಸದು ಬರುವುದಿಲ್ಲ. ಒಳ್ಳೆಯ ಸೆಟ್ ಹುಡುಕುವುದೂ ಕಷ್ಟ, ದುಡ್ಡೂ ಜಾಸ್ತಿ. "ಗುಜರಿಗೆ ಹಾಕಿಬಿಡ್ತೀನಿ" ಅಂತ ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಪಕ್ಕದ ಊರಿನ ಹಳೇ ಮೆಕ್ಯಾನಿಕ್ ತಾತನನ್ನು ಕರೆದುಕೊಂಡು ಬಂದೆವು. ಅವರು ಬಂದವರೇ ಸ್ಪ್ಯಾನರ್ ಮುಟ್ಟಲಿಲ್ಲ. "ಮೊದಲು ಕಿವಿ, ಆಮೇಲೆ ಕೈ" ಅಂದರು. ಅವರ ಜೊತೆ ಹಿಂದಿನ ಸೀಟಿನಲ್ಲಿ ಕೂತು ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಅಂಬಾಸಿಡರಿಗೆ ಇಂಜಿನ್ ಮುಂದೆ, ಎಳೆಯುವ ಚಕ್ರ ಹಿಂದೆ. ನಡುವೆ ಕಾರಿನ ಹೊಟ್ಟೆಯ ಕೆಳಗೆ ಉದ್ದದ ಶಾಫ್ಟು ಇದೆ. ಹಿಂದಿನ ಎರಡು ಚಕ್ರಗಳ ಮಧ್ಯೆ ಕುಂಬಳಕಾಯಿ ಹಾಗೆ ಉಬ್ಬಿಕೊಂಡಿರುವುದೇ ಡಿಫರೆನ್ಷಿಯಲ್. ಶಾಫ್ಟಿನ ತುದಿಯಲ್ಲಿರುವ ಸಣ್ಣ ಹಲ್ಲಿನ ಚಕ್ರ ಪಿನಿಯನ್. ಅದು ತಿರುಗಿಸುವ ದೊಡ್ಡ ಚಕ್ರ ಕ್ರೌನ್. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸ ಸರಿದೂಗಿಸುವ ನಾಲ್ಕು ಹಲ್ಲುಚಕ್ರಗಳೂ ಅದರೊಳಗೇ ಇವೆ.

ತಾತ ಇದನ್ನು ಸೀಮೆಸುಣ್ಣದಲ್ಲಿ ತೋರಿಸಿದರು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದೇ ಚಕ್ರ ಎತ್ತಿದರು. ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಿದರೆ ಕ್ರೌನ್ ಒಂದೇ ಸುತ್ತು ಸುತ್ತುತ್ತೆ, ಶಾಫ್ಟು ಮಾತ್ರ ನಾಲ್ಕು ಚಿಲ್ಲರೆ ಸುತ್ತು! ಗುರುತು ಹಾಕಿ ನಾನೇ ಎಣಿಸಿದೆ. (ಇಂಜಿನ್ ಚಾಲೂ ಮಾಡಿ ಇದನ್ನು ಯಾರೂ ಮಾಡಬೇಡಿ, ನೆಲದ ಮೇಲಿರುವ ಚಕ್ರ ಕಾರನ್ನೇ ನೂಕಿಬಿಡುತ್ತೆ.)

ಈಗ ಸದ್ದಿನ ವಿಷಯ. ಟಾರು ರಸ್ತೆಯಿಂದ ಮಣ್ಣಿನ ದಾರಿಗೆ ಇಳಿದಾಗ ಸದ್ದು ಪೂರ್ತಿ ಬದಲಾದರೆ ಅದು ಟೈರಿನದ್ದು. ಕ್ಲಚ್ ಬಿಡುವಾಗ, ರಿವರ್ಸ್ ಹಾಕುವಾಗ ಟಕ್ ಅಂದರೆ ಶಾಫ್ಟಿನ ಕ್ರಾಸ್ ಸವೆದಿದೆ. ಕ್ರೌನ್-ಪಿನಿಯನ್ ಸದ್ದು ಹಾಗಲ್ಲ, ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಕಾಲು ತೆಗೆದ ತಕ್ಷಣ ಇನ್ನೊಂದು ರಾಗ, ಇಲ್ಲವೇ ಮೌನ. ಹಲ್ಲಿನ ಒಂದು ಮೈ ಎಳೆಯುವಾಗ ಉಜ್ಜುತ್ತೆ, ಇನ್ನೊಂದು ಮೈ ಕಾರು ತಾನಾಗಿ ಉರುಳುವಾಗ. ಅದಕ್ಕೇ ಹಾಗೆ.

ನಮ್ಮ ಕಾರಿನಲ್ಲಿ ಕಾಲು ಇಟ್ಟರೂ ತೆಗೆದರೂ ಒಂದೇ ಗೊಂಯ್. ನ್ಯೂಟ್ರಲ್ಲಿನಲ್ಲಿ ಉರುಳಿದರೂ ಅದೇ. ತಾತ ಮಾವನ ಮುಖ ನೋಡಿ ನಕ್ಕರು. ಆಮೇಲೆ ನಮ್ಮ ಶಾಲೆಯ ಮೈದಾನದಲ್ಲೇ ಕಾರನ್ನು ಎಂಟರ ಆಕಾರದಲ್ಲಿ ಓಡಿಸಿದರು. ಬಲಕ್ಕೆ ತಿರುಗಿದಾಗ ಸದ್ದು ಜೋರಾಯಿತು, ಎಡಕ್ಕೆ ತಿರುಗಿದರೆ ತಗ್ಗಿತು. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡಕ್ಕೆ ವಾಲುತ್ತೆ ಅಲ್ವಾ? ಹಾಗಾದರೆ ಕಳ್ಳ ಎಡಗಡೆ ಹಿಂದಿನ ಚಕ್ರದ ಬೇರಿಂಗು!

ಖಾತ್ರಿ ಮಾಡಿಕೊಳ್ಳಲು ಹಿಂಭಾಗ ಎತ್ತಿ ಮರದ ದಿಮ್ಮಿ ಕೊಟ್ಟರು. ಬರೀ ಜಾಕಿ ನಂಬಿ ಕೆಳಗೆ ಹೋಗಬಾರದು ಅಂತ ಮೂರು ಸಲ ಹೇಳಿದರು. ಚಕ್ರ ಮೆಲ್ಲಗೆ ತಿರುಗಿಸುತ್ತಾ ಸ್ಪ್ರಿಂಗ್ ಪಟ್ಟಿಯ ಮೇಲೆ ಅಂಗೈ ಇಟ್ಟರೆ, ಎಡಗಡೆ ಗರಗರ ಅಂತ ಕೈಗೇ ಗೊತ್ತಾಯಿತು. ಬಲಗಡೆ ಬೆಣ್ಣೆ.

ಡ್ರಮ್ ಬಿಚ್ಚಿದಾಗ ನಿಜವಾದ ಗಾಬರಿ ಕಂಡದ್ದು. ಆಯಿಲ್ ಸೀಲ್ ಸೋರಿ ಬ್ರೇಕ್ ಲೈನಿಂಗ್ ಎಲ್ಲ ಎಣ್ಣೆ ಕುಡಿದಿತ್ತು. ಎಣ್ಣೆ ಹತ್ತಿದ ಲೈನಿಂಗ್ ಸರಿಯಾಗಿ ಹಿಡಿಯುವುದಿಲ್ಲ. ರಾತ್ರಿ ಮಳೆಯಲ್ಲಿ ಬಸುರಿಯನ್ನು ಕೂರಿಸಿಕೊಂಡು ಆ ಕಾರು ಇಳಿಜಾರು ಇಳಿದಿತ್ತು! ಅತ್ತೆ ಕೈ ಮುಗಿದರು. ಸೀಲ್ ಯಾಕೆ ಸೋರಿತು? ಆಕ್ಸಲ್ ಮೇಲೆ ಉಸಿರಾಡುವ ಒಂದು ಪುಟ್ಟ ತೂತು ಇದೆ, ಅದು ಕೆಸರಿನಿಂದ ಮುಚ್ಚಿಹೋಗಿತ್ತು. ಓಡುವಾಗ ಒಳಗಿನ ಗಾಳಿ ಕಾದು ಹಿಗ್ಗಿ ಎಣ್ಣೆಯನ್ನು ಸೀಲಿನ ಕಡೆ ನೂಕಿದೆ. ಮಾವನಿಗೆ ಕಾರನ್ನು ಹಳ್ಳದ ನಡುವೆ ನಿಲ್ಲಿಸಿ ತೊಳೆಯುವ ಚಟ. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಸೀಲಿನ ಸಂದಿಯಿಂದ ಒಳಕ್ಕೆ ಎಳೆದುಕೊಳ್ಳುತ್ತೆ. ಕೆಳಗಿನ ಬಿರಡೆ ಬಿಚ್ಚಿದರೆ ಬಂದದ್ದು ಹಾಲು ಹಾಕಿದ ಚಹಾದಂಥ ಎಣ್ಣೆ. ನೀರು ಬೆರೆತದ್ದರ ಗುರುತು ಅದು. ಬೇರಿಂಗಿಗೆ ತುಕ್ಕು ಹತ್ತಿ ಗುಂಡುಗಳ ದಾರಿಯಲ್ಲಿ ಕುಳಿ ಬಿದ್ದಿತ್ತು.

ತಾತ ಪುಲ್ಲರ್ ಹಾಕಿ ಹಬ್ ಎಳೆದು, ಹೊಸ ಬೇರಿಂಗು, ಸೀಲು, ಎರಡೂ ಕಡೆಗೆ ಲೈನಿಂಗು ಹಾಕಿದರು. ಒಂದೇ ಕಡೆ ಹಾಕಿದರೆ ಬ್ರೇಕ್ ಒಂದು ಪಕ್ಕಕ್ಕೆ ಎಳೆಯುತ್ತಂತೆ. ಒಳಗೆ ತೊಳೆದು 90 ನಂಬರಿನ ಹೊಸ ಗೇರ್ ಎಣ್ಣೆ ತುಂಬಿದರು. ಇಂಜಿನ್ ಆಯಿಲ್ ಹಾಕಿದರೆ ಆಗಲ್ವಾ ಅಂತ ಕೇಳಿದೆ. ಆ ಪಿನಿಯನ್ ಕ್ರೌನಿನ ನಡುಮಧ್ಯಕ್ಕಿಂತ ಕೆಳಗೆ ಕೂತಿರುತ್ತೆ, ಹಲ್ಲುಗಳು ಉರುಳುವುದರ ಜೊತೆ ಜಾರುತ್ತವೆ, ಅಷ್ಟು ಒತ್ತಡ ತಡೆಯುವ ಮದ್ದು ಬೆರೆಸಿದ ಎಣ್ಣೆಯೇ ಬೇಕು ಅಂದರು.

ಸದ್ದು ನಿಂತಿದೆ. ಮಾವ ಈಗ ಕಾರನ್ನು ಬಾವಿಕಟ್ಟೆ ಹತ್ತಿರ ಬಕೆಟ್ಟಿನಲ್ಲಿ ತೊಳೆಯುತ್ತಾನೆ. ಹಳೇ ಬೇರಿಂಗು ನಮ್ಮ ವಿಜ್ಞಾನದ ಮೇಷ್ಟ್ರ ಬೀರುವಿನಲ್ಲಿದೆ. ಬೇಕಾದವರು ಕೇಳಿ ತೆಗೆದುಕೊಂಡು ಬೆರಳಲ್ಲಿ ತಿರುಗಿಸಿ ನೋಡಿ, ಗರಗರ ಗೊತ್ತಾಗುತ್ತೆ. ಆಮೇಲೆ ಕೈ ತೊಳೆದುಕೊಳ್ಳಿ, ಗ್ರೀಸು ಪುಸ್ತಕಕ್ಕೆ ಹತ್ತಿದರೆ ಹೋಗಲ್ಲ.