ಕಾಫಿ ಕಾಸು, ಆರ್.ಡಿ. ಕಂತು

ನಗರದ ಮಧ್ಯಮ ವರ್ಗದ ಮನೆಗಳಲ್ಲಿ ಬಾಡಿಗೆ, ಶಾಲೆಯ ಶುಲ್ಕ, ಕರೆಂಟ್ ಬಿಲ್ಲು ಮೊದಲಾದವು ತಿಂಗಳ ಆರಂಭದಲ್ಲೇ ಲೆಕ್ಕಕ್ಕೆ ಸಿಗುತ್ತವೆ. ಹೊರಗೆ ಕುಡಿದ ಕಾಫಿ, ಬೇಕರಿಯ ಪಫ್ಸ್, ಬಾಟಲಿ ನೀರು, ರಾತ್ರಿ ಆ್ಯಪ್ ಮೂಲಕ ತರಿಸಿದ ಬಿರಿಯಾನಿ ಮಾತ್ರ ಯಾವ ಲೆಕ್ಕಕ್ಕೂ ಸಿಗದೆ ಹೋಗುತ್ತವೆ. ಕೇಂದ್ರ ಸರ್ಕಾರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ, ನಗರವಾಸಿಯೊಬ್ಬರ ಸರಾಸರಿ ತಿಂಗಳ ವೆಚ್ಚ 6,996 ರೂಪಾಯಿಯಾಗಿದ್ದು, ಅದರಲ್ಲಿ ಸುಮಾರು ಶೇ 11ರಷ್ಟು ಪಾನೀಯ, ತಿಂಡಿ ಮತ್ತು ಸಂಸ್ಕರಿತ ಆಹಾರಕ್ಕೆ ಸಲ್ಲುತ್ತದೆ. ನಾಲ್ವರ ಕುಟುಂಬಕ್ಕೆ ಇದು ತಿಂಗಳಿಗೆ ಮೂರು ಸಾವಿರ ರೂಪಾಯಿ ಮೀರುವ ಬಾಬತ್ತು; ಹಾಲು, ತರಕಾರಿ, ಧಾನ್ಯ ಯಾವುದರ ವೆಚ್ಚವೂ ಇಷ್ಟಿಲ್ಲ.

ಇಷ್ಟು ದೊಡ್ಡ ಮೊತ್ತ ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿದೆ. ಮನುಷ್ಯರು ಹಣವನ್ನು ಮನಸ್ಸಿನಲ್ಲೇ ಬೇರೆ ಬೇರೆ ಖಾತೆಗಳಾಗಿ ವಿಂಗಡಿಸಿಕೊಂಡು, ಒಂದೊಂದು ಖಾತೆಯನ್ನು ಒಂದೊಂದು ರೀತಿಯಲ್ಲಿ ಖರ್ಚು ಮಾಡುವ ಪ್ರವೃತ್ತಿಯನ್ನು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ‘ಮಾನಸಿಕ ಲೆಕ್ಕ’ ಎಂದು ಗುರುತಿಸಿದರು. 2017ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಅವರ ಸಂಶೋಧನೆಗಳಲ್ಲಿ ಇದೂ ಒಂದು. ಇಪ್ಪತ್ತು ರೂಪಾಯಿಯ ಕಾಫಿ ಈ ಲೆಕ್ಕದಲ್ಲಿ ಚಿಲ್ಲರೆಯ ಪಾಲಿಗೆ ಸೇರುತ್ತದೆ, ಚಿಲ್ಲರೆಯನ್ನು ಯಾರೂ ಕೂಡಿಡುವುದಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ, ನೋಟು ಮುರಿಸಿ ಉಳಿದ ಚಿಲ್ಲರೆಯನ್ನು ಎಣಿಸಿ ಜೇಬಿಗಿಳಿಸುವಾಗ ಆಗುತ್ತಿದ್ದ ಸಣ್ಣ ಎಚ್ಚರಿಕೆಯೂ ಇಲ್ಲವಾಯಿತು. ಆದರೂ ಅದೇ ವ್ಯವಸ್ಥೆ ಪ್ರತಿ ಪಾವತಿಯ ದಾಖಲೆಯನ್ನು ಫೋನಿನಲ್ಲೇ ಉಳಿಸುತ್ತದೆಯಾದ್ದರಿಂದ, ಕಳೆದ ತಿಂಗಳ ಹೋಟೆಲು, ಬೇಕರಿ, ಜ್ಯೂಸ್ ಅಂಗಡಿಗಳ ಪಾವತಿಗಳನ್ನು ಒಮ್ಮೆ ಕೂಡಿ ನೋಡುವುದು ಅರ್ಧ ಗಂಟೆಯ ಕೆಲಸವಷ್ಟೆ.

ಎಲ್ಲವನ್ನೂ ಬಿಡಬೇಕಾಗಿಲ್ಲ. ಗೆಳೆಯರು ದರ್ಶಿನಿಯಲ್ಲಿ ನಿಂತು ಬೈ-ಟು ಕಾಫಿ ಹಂಚಿಕೊಳ್ಳುವುದು ಬೆಂಗಳೂರಿನ ಬಾಂಧವ್ಯದ ಭಾಗವೇ ಆಗಿದ್ದು, ಅದನ್ನು ಕತ್ತರಿಸಿ ಉಳಿಸಿದ ಹಣ ದುಬಾರಿಯೇ ಸರಿ. ಬೆಳಗ್ಗೆಯಿಂದ ಸಂಜೆಯವರೆಗೆ ದುಡಿಯುವ ಕೂಲಿಕಾರರಿಗೆ ಚಹಾ ಮತ್ತು ಬನ್ನು ಊಟದ ಬದಲಿಯೂ ಆಗಿರುವುದರಿಂದ, ಅವರಿಗೆ ಮಿತವ್ಯಯದ ಪಾಠ ಹೇಳುವುದು ಅನ್ಯಾಯ. ಕಡಿತಕ್ಕೆ ಯೋಗ್ಯವಾದುವು, ಹಸಿವೂ ಸ್ನೇಹವೂ ಇಲ್ಲದೆ ಕೇವಲ ರೂಢಿಯಿಂದ ನಡೆಯುವ ಖರೀದಿಗಳು: ಮನೆಯಿಂದ ತುಂಬಿಸಿ ತರಬಹುದಾದ ನೀರಿನ ಬಾಟಲಿ, ಬೇಸರಕ್ಕೆ ಕುಡಿಯುವ ಮೂರನೆಯ ಕಾಫಿ, ಅಡುಗೆಗೆ ಸೋಮಾರಿತನವಾದಾಗಿನ ಆ್ಯಪ್ ಆರ್ಡರ್. ಈ ಕೊನೆಯದರಲ್ಲಿ ತಿನಿಸಿನ ಬೆಲೆಯ ಮೇಲೆ ಪ್ಯಾಕಿಂಗ್, ವಿತರಣೆ, ಜಿಎಸ್‌ಟಿಗಳು ಕೂಡುತ್ತವೆ. 2023ರಲ್ಲಿ 2 ರೂಪಾಯಿಯಿಂದ ಶುರುವಾದ ‘ಪ್ಲಾಟ್‌ಫಾರ್ಮ್ ಶುಲ್ಕ’, ಅಂದರೆ ಆ್ಯಪ್ ಬಳಕೆಗೆಂದೇ ಕಂಪನಿ ಪಡೆಯುವ ಮೊತ್ತ, ಎರಡೇ ವರ್ಷಗಳಲ್ಲಿ 10 ರೂಪಾಯಿ ದಾಟಿತು.

ಖರ್ಚು ನಿಲ್ಲಿಸಿದ ಮಾತ್ರಕ್ಕೆ ಹಣ ಉಳಿಯುವುದಿಲ್ಲ ಎಂಬುದನ್ನು ಬಹುತೇಕ ಉಪದೇಶಗಳು ಮರೆಯುತ್ತವೆ. ಬಿಟ್ಟ ಕಾಫಿಯ ಕಾಸು ಅದೇ ಖಾತೆಯಲ್ಲಿದ್ದರೆ ವಾರಾಂತ್ಯದ ಸಿನಿಮಾಕ್ಕೋ ಹೊಸ ಚಪ್ಪಲಿಗೋ ಕರಗುತ್ತದೆ. ಆದ್ದರಿಂದ ಸಂಬಳ ಬಂದ ದಿನವೇ ಅದನ್ನು ಬೇರೆಡೆಗೆ ವರ್ಗಾಯಿಸಬೇಕು. ಅಂಚೆ ಕಚೇರಿಯ ಆವರ್ತ ಠೇವಣಿ, ಜನರ ಬಾಯಲ್ಲಿ ಆರ್.ಡಿ., ಪ್ರತಿ ತಿಂಗಳು ನಿಗದಿತ ಕಂತು ಕಟ್ಟುವ ಐದು ವರ್ಷಗಳ ಯೋಜನೆಯಾಗಿದ್ದು, 100 ರೂಪಾಯಿಯಿಂದಲೂ ಆರಂಭಿಸಬಹುದು. ದಿನಕ್ಕೆ ಇಪ್ಪತ್ತರ ಒಂದು ಕಾಫಿ ಮತ್ತು ಇಪ್ಪತ್ತರ ಒಂದು ಬಾಟಲಿ ನೀರನ್ನು ಬಿಟ್ಟರೆ 25 ದಿನಗಳಿಗೆ 1,000 ರೂಪಾಯಿಯಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಶೇ 6.7ರ ದರದಲ್ಲಿ ಈ ಕಂತು ಐದು ವರ್ಷಗಳಲ್ಲಿ ಸುಮಾರು 71,000 ರೂಪಾಯಿಗೆ ಬೆಳೆಯುತ್ತದೆ. ಕಟ್ಟಿದ ಅಸಲು 60,000 ಮಾತ್ರ. ಖಾತೆ ತೆರೆದ ದಿನದ ಬಡ್ಡಿದರವೇ ಕೊನೆಯವರೆಗೂ ಅನ್ವಯಿಸುತ್ತದೆ. ಕಂತು ತಪ್ಪಿದರೆ ನೂರು ರೂಪಾಯಿಗೆ ಒಂದು ರೂಪಾಯಿ ದಂಡ ಬೀಳುತ್ತದೆ. ಹನ್ನೆರಡು ಕಂತುಗಳನ್ನು ತಪ್ಪದೆ ಕಟ್ಟಿದವರು, ಮನೆಯಲ್ಲಿ ತುರ್ತು ಬಂದಾಗ, ಜಮೆಯಾದ ಮೊತ್ತದ ಅರ್ಧದಷ್ಟನ್ನು ಸಾಲವಾಗಿ ಪಡೆಯಲು ಅವಕಾಶವಿದೆ.